ಹಳದಿ ಇಳಿದ ಕಣ್ಣು

ಏಪ್ರಿಲ್ 20, ರವಿವಾರ

ಬೆಳಗಾಗುವ ಮೊದಲೇ ಅಂಗಳ ತುಂಬಿತ್ತು. ಸುಂಕಸಾಳದವರು ಜೀಪು ಮಾಡಿಕೊಂಡು ಬಂದಿದ್ದರು. ಮಂಜಗುಣಿಯ ಮುದುಕನೊಬ್ಬ ಮಗನ ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದನಂತೆ. ಬೈಯುವಷ್ಟು ಕಸುವಿದ್ದರೆ ಕಾಮಾಲೆ ಇನ್ನೂ ತಲೆಗೇರಿಲ್ಲ ಎಂದೆ. ಮಗನಿಗೆ ನಗು ತಡೆಯಲಾಗಲಿಲ್ಲ.

ಶಾಲೆಯಲ್ಲಿ ಜೀವಮಾನವಿಡೀ ಮಗ್ಗಿ ಹೇಳಿಸಿದೆ, ಯಾರೂ ನೆನಪಿಟ್ಟಿಲ್ಲ. ಬೀರು ಗೌಡ ಎಂದರೆ ಯಾವ ಬೀರು ಎಂದು ಕೇಳುತ್ತಾರೆ. ಕಾಮಾಲೆ ಮಾಸ್ತರ ಎಂದರೆ ಮಾತ್ರ ಬಸ್ಸಿನ ಕಂಡಕ್ಟರನೂ ಹಟ್ಟಿಕೇರಿಯಲ್ಲಿ ಇಳಿಯುವ ಜಾಗ ತೋರಿಸುತ್ತಾನೆ. ಮೂರು ರವಿವಾರ, ಬರಿಹೊಟ್ಟೆಗೆ, ಹಾಲಿನಲ್ಲಿ ಅರೆದ ಬೇರು. ಎಣ್ಣೆ ಇಲ್ಲ, ಮೀನು ಇಲ್ಲ, ಕರಿದದ್ದು ಇಲ್ಲ. ಬಂದವರು ಒಂದು ತೆಂಗಿನಕಾಯಿ ಇಟ್ಟು ಹಿಂದೆ ನೋಡದೆ ಹೋಗಬೇಕು. ನಮ್ಮ ಮನೆತನದವರ ಕಣ್ಣು ಆಗಾಗ ಹಳದಿಯಾಗುತ್ತಿತ್ತಂತೆ, ಈ ಮದ್ದು ಕುಡಿದು ಗುಣವಾಗುತ್ತಿತ್ತಂತೆ. ಮೊದಲು ಮನೆಯವರಿಗೆ ಹತ್ತಿದ ಮದ್ದು, ಆಮೇಲೆ ಊರಿಗೆ ಕೊಟ್ಟದ್ದು. ನನ್ನ ಅವ್ವ ಬೊಮ್ಮಿಯೂ ಇದೇ ಮನೆತನದ ರಕ್ತ, ಅಪ್ಪನ ಸೋದರತ್ತೆಯ ಮಗಳು, ಹಳದಿ ಕಣ್ಣಲ್ಲೇ ಮುಪ್ಪಿನ ತನಕ ಗದ್ದೆ ನೆಟ್ಟವಳು.

ಮಧ್ಯಾಹ್ನದ ಬಸ್ಸಿಗೆ ಭಾರತಿ ಬಂದಳು, ಮಗಳನ್ನು ರಜೆಗೆ ಬಿಡಲು. ಮೊಮ್ಮಗಳಿಗೆ ಅವ್ವನ ಹೆಸರನ್ನೇ ಇಡಿಸಿದ್ದೇನೆ. ಕಾರವಾರದ ಶಾಲೆಯಲ್ಲಿ ಬೊಮ್ಮಿ ಎಂದರೆ ಮಕ್ಕಳು ನಗುತ್ತಾರಂತೆ. ನಗಲಿ, ಹಲ್ಲಿಗೆ ಗಾಳಿಯಾಗುತ್ತದೆ. ಹುಡುಗಿಯ ಕಣ್ಣು ಮತ್ತೆ ಹಳದಿ. ಇದು ಮೂರನೆಯದೋ ನಾಲ್ಕನೆಯದೋ ಸಲ.

"ಅಪ್ಪಾ, ಇದಕ್ಕೆ ನಿನ್ ಮದ್ದು ಹಾಕೂಕೆ ಹೋಗ್ಬೇಡ" ಎಂದಳು ಭಾರತಿ, ಚೀಲ ಇಳಿಸುವ ಮೊದಲೇ. "ಡಾಕ್ಟ್ರು ಹೇಳೂದು, ಇದು ಲಿವರಿನ ಕಾಮಾಲೆ ಅಲ್ಲ, ರಕ್ತದ್ದು ಅಂತ. ಧಾರವಾಡದ ಮೌಲ್ಯಮಾಪನ ಮುಗಿಸ್ಕಂಡ್ ಬಂದವಳೇ ರಕ್ತ ತೋರಿಸೂಕೆ ಕರ್ಕಂಡ್ ಹೋತೆ."

ಕಾಮಾಲೆಯಲ್ಲಿ ಈಗ ಜಾತಿಯೂ ಬಂತೇ ಎಂದು ಕೇಳಿದೆ. ಅವಳು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ, ಅಪ್ಪನ ತಮಾಷೆಗೆ ನಗುವುದನ್ನು ಬಿಟ್ಟು ಬಹಳ ಕಾಲವಾಯಿತು.

ಏಪ್ರಿಲ್ 23

ಹುಡುಗಿ ಇದ್ದರೆ ಮನೆ ಸಂತೆ. ನನ್ನ ಹೆಂಡತಿ ಸುಬ್ಬಿ ನನ್ನೊಡನೆ ವರ್ಷದಲ್ಲಿ ಆಡುವ ಮಾತನ್ನು ಮೊಮ್ಮಗಳೊಡನೆ ಒಂದು ಬೆಳಿಗ್ಗೆ ಆಡಿ ಮುಗಿಸುತ್ತಾಳೆ.

ಇವತ್ತು ಅಡುಗೆಮನೆಯಲ್ಲಿ ತಾಟಿಗೆ ನೀರು ಹಾಕಿ, ಅಜ್ಜಿಯ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಕೂತಿದ್ದಳು. ಎಣ್ಣೆ ದುಂಡು ದುಂಡಾಗಿ ತೇಲುತ್ತಿತ್ತು.

"ನೋಡಜ್ಜಾ, ಎಣ್ಣೆಗೆ ದುಂಡಗಾಗೂದೇ ಬೇಕು. ಅಮ್ಮ ಹೇಳೂದು, ನಮ್ ಮೈಯ ಒಂದೊಂದು ಕಣಕ್ಕೂ ಎಣ್ಣೆ ಜಾತಿಯದ್ದೇ ಅಂಗಿ ಅಂತೆ. ಪ್ರೊಟೀನು ಹಿಡ್ಕಂಡು ಎಳದು ಅದಕ್ಕೆ ಬೇಕಾದ ಆಕಾರ ಕೊಡೂದಂತೆ."

ಪ್ರೊಟೀನು ಎಂದರೆ ಮೊಟ್ಟೆ, ಬೇಳೆ, ಮೀನು ಎಂದು ನಾನೂ ಶಾಲೆಯಲ್ಲಿ ಹೇಳಿಕೊಟ್ಟಿದ್ದೇನೆ. ಮೀನು ಯಾರ ಅಂಗಿಯನ್ನು ಎಳೆಯುತ್ತದೆ ಎಂದು ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ಹಿಡಿದು ಬೆಳಕಿಗೆ ತಿರುಗಿಸಿ, "ಅಜ್ಜಾ, ನಿನ್ ಕಣ್ಣೂ ಹಳದಿಯೇ ಅಲ್ದಾ!" ಎಂದಳು. ವಯಸ್ಸಾದ ಮೇಲೆ ಹಲ್ಲೂ ಹಳದಿ, ಕಣ್ಣೂ ಹಳದಿ.

ಮದ್ದು ಯಾವ ಗಿಡದ್ದು ಎಂದು ಬೆನ್ನು ಹತ್ತಿದಳು. ಹೇಳುವಂತಿಲ್ಲ. ಅಪ್ಪ ನನಗೆ ಕೊನೆಗಾಲದಲ್ಲಿ ಕಿವಿಯಲ್ಲಿ ಹೇಳಿದ್ದು. ಹೆಸರು ಬಾಯಿಂದ ಹೊರಬಿದ್ದರೆ ಮದ್ದಿನ ಕಸುವು ಹೋಗುತ್ತದೆ. ಇನ್ನು ಕೊಡಬೇಕಾದದ್ದರದ್ದು ಮಾತ್ರ ಅಲ್ಲ, ಕುಡಿದವರ ಹೊಟ್ಟೆಯಲ್ಲಿ ಇರುವುದರದ್ದೂ. ಹೀಗೆಂದು ಹೇಳಿದರೆ ಹುಡುಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಹಂಗಾರೆ ಬೇಡ, ಬೇಡ" ಎಂದು ಓಡಿಹೋದಳು.

ಏಪ್ರಿಲ್ 27, ರವಿವಾರ

ಬೊಮ್ಮಿಗೆ ಮೊದಲ ಮದ್ದು ಕೊಟ್ಟೆ. ಭಾರತಿಗೆ ಹೇಳಿಲ್ಲ. ಗುಣವಾದ ಮೇಲೆ ಹೇಳಿದರಾಯಿತು. ಊರವರ ಮಕ್ಕಳಿಗೆಲ್ಲ ಕೊಟ್ಟು ಮನೆಯ ಕೂಸನ್ನು ಹಳದಿ ಕಣ್ಣಲ್ಲಿ ತಿರುಗಲು ಬಿಟ್ಟರೆ ನಾನೆಂಥ ಅಜ್ಜ. ಕುಡಿಯುವಾಗ ಮೂಗು ಹಿಡಿದುಕೊಂಡಳು, ಆದರೆ ಒಂದು ಹನಿ ಚೆಲ್ಲಲಿಲ್ಲ. ಅಂಗಳದಲ್ಲಿದ್ದವರೆಲ್ಲ ಮೆಚ್ಚಿದರು.

ಮೇ 2

ಪಕ್ಕದ ಮನೆಯ ನಿತಿನನಿಗೆ ಜ್ವರ. ಎರಡೂ ಕೆನ್ನೆ ಯಾರೋ ಬಾರಿಸಿದಂತೆ ಕೆಂಪಾಗಿದೆ. ಅವನಪ್ಪ ಬಾರಿಸಿಲ್ಲ ಎಂದು ಆಣೆ ಮಾಡುತ್ತಾನೆ. ಬೊಮ್ಮಿ ಅವನ ಜೊತೆಗೇ ಆಡುತ್ತಾಳೆ, ಒಂದೇ ಮಾವಿನಹಣ್ಣನ್ನು ಇಬ್ಬರೂ ಚೀಪುತ್ತಾರೆ. ಬೇಡ ಎಂದರೆ ಯಾರು ಕೇಳುತ್ತಾರೆ.

ಭಾರತಿಯ ಫೋನು ಬಂತು. ಕಣ್ಣು ಹೇಗಿದೆ ಎಂದು ಕೇಳಿದಳು. ಇದ್ದ ಹಾಗೇ ಇದೆ ಎಂದೆ. ಸುಳ್ಳಲ್ಲ.

ಮೇ 6

ಎರಡನೆಯ ಮದ್ದು ಮೊನ್ನೆ ಆಯಿತು. ಹುಡುಗಿಗೆ ನಿನ್ನೆ ಮೈ ಸ್ವಲ್ಪ ಬೆಚ್ಚಗಿತ್ತು, ಇವತ್ತು ಇಳಿದಿದೆ. ಉಣ್ಣಲು ಮನಸ್ಸಿಲ್ಲ. ಎಣ್ಣೆಯಿಲ್ಲದ ಪಥ್ಯದ ಊಟ ಯಾರಿಗೆ ರುಚಿಸುತ್ತದೆ.

ಮೇ 8

ಹಳದಿ ಇಳಿಯುತ್ತಿದೆ! ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ ಕಣ್ಣರೆಪ್ಪೆ ಬಿಡಿಸಿ ನೋಡಿದೆ. ಮೂಲೆಗಳಲ್ಲಿ ಮಾತ್ರ ಸ್ವಲ್ಪ ಉಳಿದಿದೆ. ಇಷ್ಟು ಬೇಗ ಯಾರಿಗೂ ಇಳಿದದ್ದು ನಾನು ಕಂಡಿಲ್ಲ. ನಮ್ಮದೇ ಮನೆಯ ಮದ್ದು, ನಮ್ಮದೇ ರಕ್ತ, ಹತ್ತದೆ ಏನು. ಪಕ್ಕದ ಮನೆಯ ಹೊನ್ನುವನ್ನು ಕರೆದು ತೋರಿಸಿದೆ, ದಾರಿಯಲ್ಲಿ ಹೋಗುವವರಿಗೂ ತೋರಿಸಿದೆ.

ಈಗೀಗ ಮಲಗುವುದೇ ಹೆಚ್ಚು. ರೋಗ ಬಿಟ್ಟ ಮೈಗೆ ವಿಶ್ರಾಂತಿ ಬೇಕು.

ಮೇ 10

ಕಣ್ಣು ಮಲ್ಲಿಗೆಯಂತೆ ಬೆಳ್ಳಗೆ. ನೋಡಿ ನೋಡಿ ನನಗೆ ಸಾಕಾಗುತ್ತಿಲ್ಲ.

ಸುಬ್ಬಿಗೆ ಮಾತ್ರ ಸಮಾಧಾನವಿಲ್ಲ. "ಕಣ್ಣು ಬೆಳ್ಳಗಾಯ್ತು, ಸರಿ. ನಾಲಗೆ ಎಂತಕೆ ಬೆಳ್ಳಗಾಗ್ಯದೆ? ಉಗುರು ನೋಡಿದ್ರ್ಯಾ?" ಎಂದಳು. ಒಳ್ಳೆಯದನ್ನು ಕಂಡರೂ ಒಂದು ಕೊಂಕು ಹುಡುಕುವುದು ಅವಳ ಹುಟ್ಟುಗುಣ. ಇಷ್ಟು ದಿನ ಜಿಡ್ಡು ಮುಟ್ಟದ ಮೈ ಮತ್ತೆ ಹೇಗಿರಬೇಕು ಎಂದು ಗದರಿದೆ. ಅವಳು ಹುಡುಗಿಯ ಕೈಯನ್ನು ಬಿಡಲಿಲ್ಲ.

ಸಂಜೆ ಬಾವಿಕಟ್ಟೆಗೆ ಹೋದಾಗ ಬೊಮ್ಮಿ ಅರ್ಧ ದಾರಿಯಲ್ಲಿ ಕೂತುಬಿಟ್ಟಳು. "ಎತ್ಕ ಅಜ್ಜಾ" ಎಂದಳು. ದೊಡ್ಡವಳಾದ ಮೇಲೆ ಎತ್ತಿಸಿಕೊಂಡವಳೇ ಅಲ್ಲ. ಮುದ್ದು ಹೆಚ್ಚಾಗಿದೆ. ಎತ್ತಿಕೊಂಡೆ. ಅವಳ ಎದೆ ನನ್ನ ಎದೆಯ ಮೇಲೆ ಹಕ್ಕಿಯಂತೆ ಬಡಿದುಕೊಳ್ಳುತ್ತಿತ್ತು.

ಮೇ 11, ರವಿವಾರ

ಮೂರನೆಯ ಮದ್ದು ಬೇಕೇ ಇರಲಿಲ್ಲ, ಪದ್ಧತಿ ಬಿಡಬಾರದು ಎಂದು ಕೊಟ್ಟೆ. ಬಂದವರಿಗೆಲ್ಲ ಅವಳ ಕಣ್ಣನ್ನೇ ತೋರಿಸಿದೆ. ಸುಂಕಸಾಳದವರು ಕೈಮುಗಿದರು.

ಮಧ್ಯಾಹ್ನ ಪಥ್ಯ ಮುರಿಸಿದೆ. ಅಂಕೋಲೆಯ ಪೇಟೆಯಿಂದ ನೋಗ್ಲಿ ತಂದು ಸುಬ್ಬಿಯಿಂದ ಹುರಿಸಿದೆ. ಬೊಮ್ಮಿಗೆ ಜೀವದಷ್ಟು ಇಷ್ಟದ ಮೀನು. ಎರಡು ತುತ್ತು ತಿಂದು, ಸಾಕು ಎಂದು ತಲೆಯನ್ನು ಅಜ್ಜಿಯ ತೊಡೆಗೆ ಇಟ್ಟಳು.

ಭಾರತಿಗೆ ಫೋನು ಮಾಡಿ ಎಲ್ಲ ಹೇಳಿದೆ. ನಿನ್ನ ಡಾಕ್ಟರರು ತಮ್ಮ ಯಂತ್ರ ಮಡಚಿಡಲಿ ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಆಟ ಆಡ್ತದ್ಯಾ ಅದು?" ಎಂದು ಕೇಳಿದಳು. ಮಲಗಿದೆ ಎಂದೆ. "ಎಬ್ಬಿಸಿ ಫೋನು ಕೊಡು" ಎಂದಳು. ಎಬ್ಬಿಸಿದೆ. ಬೊಮ್ಮಿ ಒಂದು ಮಾತು ಆಡಲು ಎರಡು ಸಲ ಉಸಿರೆಳೆದುಕೊಂಡಳು. ಭಾರತಿ ಫೋನಿನಲ್ಲೇ ಕೂಗಿದಳು, ಈಗಲೇ ಆಸ್ಪತ್ರೆಗೆ ಒಯ್ಯಿ ಎಂದು. ತಾಯಿ ಎಂದ ಮೇಲೆ ಹೆದರಿಕೆ ಇದ್ದದ್ದೇ. ನಾಳೆ ಬೆಳಿಗ್ಗೆ ಒಯ್ಯುತ್ತೇನೆ ಎಂದಿದ್ದೇನೆ.

ಮೇ 12

ಆಸ್ಪತ್ರೆಯ ಹೊರಗಿನ ಬಾಕಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಬಿಡುತ್ತಿಲ್ಲ.

ಬೆಳಿಗ್ಗೆ ಹಾಸಿಗೆಯಿಂದ ಏಳಿಸಿದಾಗ ಹುಡುಗಿ ಕೈಯಲ್ಲೇ ಕುಸಿದಳು. ಅಂಕೋಲೆಯಲ್ಲಿ ನೋಡಿದವರು ಕಣ್ಣನ್ನು ನೋಡಲೇ ಇಲ್ಲ, ಅಂಗೈ ನೋಡಿದರು, ಕೂಡಲೇ ಕಾರವಾರ ಎಂದರು. ಅಳಿಯ ಸುನಿಲ ಆಂಬುಲೆನ್ಸಿನ ಬಾಗಿಲಿಗೇ ಬಂದು ನಿಂತಿದ್ದ. ಹತ್ತು, ಹನ್ನೆರಡು ಇರಬೇಕಾದ ರಕ್ತದ ಅಂಶ ಮೂರೂ ಇಲ್ಲವಂತೆ. ರಕ್ತ ಏರಿಸುತ್ತಿದ್ದಾರೆ. ಎದೆ ಸೋತಿದೆ, ಹನಿ ಹನಿಯಾಗಿ ಮಾತ್ರ ಕೊಡಬಹುದು ಎಂದರು.

ಡಾಕ್ಟರ್ ಶ್ರೀರಕ್ಷಾ ಎಂಬವರು, ಇನ್ನೂ ಸಣ್ಣ ಪ್ರಾಯ, ಬಂದು ಕೇಳಿದರು. "ಮಾಸ್ತರೇ, ಮಗುವಿಗೆ ಏನು ಕೊಟ್ಟಿದ್ದೀರಿ? ಯಾವ ಗಿಡ? ಹೇಳಿದರೆ ನಮಗೆ ಒಂದು ಸಂಶಯ ಕಡಿಮೆಯಾಗ್ತದೆ."

ಒಂದು ಬೇರು ಎಂದೆ.

"ಯಾವ ಬೇರು?"

ಅಷ್ಟರಲ್ಲಿ ಧಾರವಾಡದಿಂದ ಭಾರತಿ ಬಂದಳು. ಕೂದಲು ಕೆದರಿತ್ತು. ನನ್ನೆದುರು ನಿಂತು, "ಅಪ್ಪಾ, ಹೆಸರು ಹೇಳು" ಎಂದಳು. ನಾನು ನೆಲ ನೋಡಿದೆ. "ನಿನ್ ಕಾಲು ಹಿಡೀತೆ, ಹೆಸರು ಹೇಳು." ನಿಜವಾಗಿಯೂ ಬಗ್ಗಿದಳು. ಸುನಿಲ ಎತ್ತಿ ಕರೆದುಕೊಂಡು ಹೋದ.

ಹೇಳುವುದು ಹೇಗೆ? ನಿನ್ನೆ ಬೆಳಿಗ್ಗೆ ಕೊಟ್ಟ ಮದ್ದು ಅವಳ ಹೊಟ್ಟೆಯಲ್ಲೇ ಇದೆ. ಹಳದಿಯನ್ನು ಇಳಿಸಿದ್ದು ಅದೇ. ಈ ಹೊತ್ತಿನಲ್ಲಿ ನಾನು ಬಾಯಿಬಿಟ್ಟರೆ, ಅವಳನ್ನು ಹಿಡಿದು ನಿಲ್ಲಿಸಿದ ಒಂದೇ ಕಸುವೂ ಹೋದರೆ? ಯಾರು ಬೇಕಾದರೂ ಬೈಯಲಿ. ಹುಡುಗಿ ಎದ್ದು ಕೂರಲಿ, ಆಮೇಲೆ ನನ್ನ ನಾಲಗೆ ಕತ್ತರಿಸಲಿ.

ಮೇ 13

ಬೊಮ್ಮಿ ಹೋದಳು.

ಮೇ 19

ಹಟ್ಟಿಕೇರಿಗೆ ತರಲಿಲ್ಲ. ಕಾರವಾರದಲ್ಲೇ ಮಣ್ಣು ಮಾಡಿದರು. ಭಾರತಿಯ ಮಾತು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಸುಬ್ಬಿ ಅಲ್ಲೇ ಉಳಿದಿದ್ದಾಳೆ. ಇಲ್ಲಿ ನಾನೊಬ್ಬ. ಗಂಜಿ ಬೇಯಿಸಿದೆ, ಉಪ್ಪು ಹಾಕಿದೆನೋ ಇಲ್ಲವೋ ತಿಳಿಯಲಿಲ್ಲ.

ಮೇ 25, ರವಿವಾರ

ಜನ ಬಂದರು. ಕದ ತೆಗೆಯಲಿಲ್ಲ. ಸೂತಕ ಎಂದು ಹೊನ್ನು ಬೇಲಿಯ ಆಚೆಯಿಂದಲೇ ಹೇಳಿ ಕಳಿಸಿದ. ಹೋಗುವಾಗ ಕಾಯಿಗಳನ್ನು ಜಗಲಿಯ ಮೇಲೆ ಇಟ್ಟು ಹೋಗಿದ್ದಾರೆ. ಯಾರಿಗೆ ಬೇಕು ಅವು.

ಜೂನ್ 3

ಮಳೆ ಹಿಡಿದಿದೆ. ಸುಬ್ಬಿ ಬಂದಳು. ನನಗೆ ಬಡಿಸುತ್ತಾಳೆ, ತಾನು ಒಳಗೆ ಕೂತು ಉಣ್ಣುತ್ತಾಳೆ. ಅವಳು ಅಂದಿನ ಬಿಳಿ ನಾಲಗೆಯ ಮಾತನ್ನು ಎತ್ತಿ ಆಡಲಿ, ಬೈಯಲಿ ಎಂದು ಕಾಯುತ್ತೇನೆ. ಎತ್ತುವುದಿಲ್ಲ.

ಜೂನ್ 7

ನಿತಿನ ಬೇಲಿಯ ಹತ್ತಿರ ನಿಂತು, "ಬೊಮ್ಮಿ ಯಾವಾಗ ಬತ್ತದೆ ಮಾಸ್ತರಜ್ಜಾ?" ಎಂದು ಕೇಳಿದ. ಅವನಿಗೆ ಯಾರೂ ಹೇಳಿಲ್ಲ. ನಾನೂ ಹೇಳಲಿಲ್ಲ. ಒಳಗೆ ಬಂದು ಬಾಯಿಗೆ ಪಂಚೆ ತುರುಕಿಕೊಂಡು ಅತ್ತೆ.

ಜೂನ್ 14

ಸುನಿಲ ಬಂದಿದ್ದ. ಕೂರು ಎಂದರೂ ಕೂರಲಿಲ್ಲ. "ಮಾವಾ, ಮನೆಯವರೆಲ್ಲರ ರಕ್ತ ನೋಡ್ಬೇಕಂತೆ. ನಂದು ಸರಿ ಇತ್ತು. ಭಾರತೀದು ಸರಿ ಇಲ್ಲ. ಅದಕ್ಕೇ ನಿಮ್ಮದೂ ಅತ್ತೇದೂ ಬೇಕು ಅಂದ್ರು" ಎಂದ. ಭಾರತಿ ಕರೆದಿದ್ದಾಳೆಯೇ ಎಂದು ಕೇಳಿದೆ. ಡಾಕ್ಟರು ಕರೆದಿದ್ದಾರೆ ಎಂದ.

ಜೂನ್ 18

ಮೊನ್ನೆ ಕಾರವಾರಕ್ಕೆ ಹೋಗಿ ರಕ್ತ ಕೊಟ್ಟು ಬಂದಿದ್ದೆವು. ಇವತ್ತು ಫಲಿತಾಂಶಕ್ಕೆ ಮತ್ತೆ ಹೋದೆವು.

ಸುಬ್ಬಿಯ ರಕ್ತ ಸರಿಯಿದೆ. ಡಾಕ್ಟರ್ ಶ್ರೀರಕ್ಷಾ ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಮೊದಲು ಸುಬ್ಬಿಯದು ನೋಡಿದೆ. ನಡು ತಗ್ಗಾಗಿ ಬೆಳ್ಳಗೆ, ಅಂಚು ಕೆಂಪಾಗಿ, ಸಣ್ಣ ಸಣ್ಣ ತಾಟುಗಳು. ಆಮೇಲೆ ನನ್ನದು. ಅದರಲ್ಲಿ ನಡುವೆ ತಗ್ಗೇ ಇಲ್ಲದವು ಎಷ್ಟೋ ಇದ್ದವು, ಇಡೀ ಕೆಂಪು ಗುಂಡುಗಳು. "ಬೊಮ್ಮಿಯ ರಕ್ತವೂ ಹೀಗೇ ಇತ್ತು ಮಾಸ್ತರೇ. ನಿಮಗೆ ಸೌಮ್ಯ, ಅವಳಿಗೆ ಜೋರು. ನಿಮ್ಮ ಹಿರಿಯರಲ್ಲೂ ಯಾರ ಕಣ್ಣಾದರೂ ಹಳದಿ ಇತ್ತಾ?"

ಎಲ್ಲರದ್ದೂ ಎಂದೆ.

ಹೊರಗೆ ಮಳೆ ಬಿಟ್ಟಿತ್ತು. ಭಾರತಿ ಸಮುದ್ರದ ಕಡೆಯ ಕಟ್ಟೆಯ ಮೇಲೆ ಕೂತಿದ್ದಳು. ಸುಬ್ಬಿ ಹೋಗಿ ಅವಳ ಪಕ್ಕ ಕೂತಳು, ನಾನು ಸ್ವಲ್ಪ ದೂರ. ಭಾರತಿ ನೀರಿನ ಕಡೆ ನೋಡುತ್ತಲೇ ಹೇಳತೊಡಗಿದಳು, ತರಗತಿಯಲ್ಲಿ ಹೇಳುವ ಹಾಗೆ.

"ರಕ್ತದ ಕೆಂಪು ಕಣದ ಹೊರಪೊರೆ ಕೊಬ್ಬಿನದು. ಎರಡು ಪದರ. ಕೊಬ್ಬಿಗೆ ತನ್ನದು ಅಂತ ಆಕಾರ ಇಲ್ಲ, ಬಿಟ್ರೆ ದುಂಡಗಾತದೆ. ಅದರ ಒಳಬದಿಗೆ ಪ್ರೊಟೀನಿನ ಬಲೆ ಹಾಸಿರ್ತದೆ. ಬಲೆ ಪೊರೆಗೆ ಅಂಟ್ಕಂಡಿರೂಕೆ ನಡುನಡುವೆ ಕಟ್ಟು ಬೇಕು, ಅದೂ ಪ್ರೊಟೀನೇ. ಕಟ್ಟು ಗಟ್ಟಿ ಇದ್ರೆ ಕಣ ತಾಟಿನ ಹಂಗೆ ಇರ್ತದೆ, ಎಂಥಾ ಸಂದಿಯಲ್ಲೂ ಮಡಚ್ಕಂಡು ನುಸೀತದೆ. ನಮ್ಮನೆಯವರಿಗೆ ಆ ಕಟ್ಟೇ ಸಡ್ಲ. ಕಟ್ಟಿಲ್ದಲ್ಲಿ ಪೊರೆ ಚೂರು ಚೂರೇ ಉದರ್ತದೆ. ಉಳದದ್ದು ಚೆಂಡಾತದೆ. ರಕ್ತ ಸೋಸೂ ಗುಲ್ಮದ ಸಂದಿಯಲ್ಲಿ ಚೆಂಡು ನುಸಿಯೂದಿಲ್ಲ, ಸಿಕ್ಕಿ ಒಡೀತದೆ. ಒಡದದ್ದರ ಬಣ್ಣವೇ ಕಣ್ಣಿನ ಹಳದಿ."

ನನಗೆ ಚಪ್ಪರ ಕಣ್ಣಿಗೆ ಬಂತು. ಬಿದಿರಿನ ಚೌಕಟ್ಟಿಗೆ ತೆಂಗಿನ ಮಡಲು ಹೊದೆಸಿ ಕಟ್ಟುತ್ತೇವೆ. ಕಟ್ಟು ಸಡಿಲವಾದ ಕಡೆ ಮಡಲು ಗಾಳಿಗೆ ಒಂದೊಂದೇ ಹಾರಿಹೋಗುತ್ತದೆ. ಹಾಗೆಯೇ ಎಂದು ಕೇಳಿದೆ. ಹೂಂ ಎಂದಳು.

"ಹಂಗಾರೆ ಬೊಮ್ಮಿಯ ಹಳದಿ ಇಳದದ್ದು?"

ಸುಬ್ಬಿ ಭಾರತಿಯ ಕೈ ಹಿಡಿದುಕೊಂಡಳು.

"ಜ್ವರ ಬಂತಲ್ಲ. ನಿತಿನನಿಗೆ ಬಂದದ್ದೇ. ಬೇರೆ ಮಕ್ಕಳಿಗೆ ಕೆನ್ನೆ ಕೆಂಪಾಗಿ ಹೋತದೆ. ಆ ರೋಗಾಣು ರಕ್ತ ಹುಟ್ಟೂದನ್ನೇ ಕೆಲವು ದಿನ ನಿಲ್ಲಿಸ್ತದೆ, ನಮ್ಮಂಥವರ ರಕ್ತ ಅಷ್ಟು ದಿನ ತಡಿಯೂದಿಲ್ಲ. ಹಳೇದು ಒಡೀತಾ ಹೋಯ್ತು, ಹೊಸದು ಬರ್ಲಿಲ್ಲ. ಕೊನೆಗೆ ಒಡಿಯೂಕೆ ರಕ್ತವೇ ಇಲ್ಲಾಗಿತ್ತು ಅಪ್ಪಾ. ಅದಕ್ಕೇ ಕಣ್ಣು ಬೆಳ್ಳಗಾದದ್ದು."

ಅಲೆ ಬಂದು ಹೋಗುತ್ತಿತ್ತು. ಹೊನ್ನುವನ್ನು ಕರೆದು ತೋರಿಸಿದ್ದೆ. ದಾರಿಹೋಕರಿಗೆ ತೋರಿಸಿದ್ದೆ. ಸುಂಕಸಾಳದವರು ಕೈಮುಗಿದಿದ್ದರು.

ಮತ್ತೆ ಮಳೆ ಹನಿ ಬಿದ್ದು ಏಳುವಾಗ ಅವಳು ಹೇಳಿದಳು, "ನಿನ್ ಬೇರು ಕೊಂದದ್ದಲ್ಲ, ಅದು ನಂಗೂ ಗೊತ್ತದೆ. ಹೆಸರು ಹೇಳಿದ್ರೂ ಅದು ಉಳೀತಿತ್ತು ಅಂತಲ್ಲ. ಆದ್ರೆ ನಾ ಕಾಲು ಹಿಡಿಯೂಕೆ ಬಗ್ಗಿದ್ದೆ. ನೀ ಬಾಯಿ ಬಿಡ್ಲಿಲ್ಲ." ಅಷ್ಟು ಹೇಳಿ ತನ್ನ ಅವ್ವನ ಕೊಡೆಯೊಳಗೆ ಸೇರಿ ಹೋದಳು.

ಜೂನ್ 20

ಮಲಗಿದರೂ ಎದ್ದರೂ ಒಂದೇ ಲೆಕ್ಕಾಚಾರ. ಅಜ್ಜನ ಕಣ್ಣು ಹಳದಿಯಾಗುತ್ತಿತ್ತು, ಮದ್ದು ಕುಡಿಯುತ್ತಿದ್ದ, ಇಳಿಯುತ್ತಿತ್ತು. ಅವ್ವನದು, ಅಪ್ಪನದು ಎನ್ನುವುದೇನು, ಎಲ್ಲರದ್ದೂ. ಕುಡಿಯದಿದ್ದರೂ ಇಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ಅದು ನಮ್ಮ ಕಣಗಳ ಅಭ್ಯಾಸ. ರೋಗವನ್ನೇ ಮದ್ದಿನ ಸಾಕ್ಷಿ ಎಂದುಕೊಂಡು ಮೂರು ತಲೆಮಾರು ಊರಿಗೆಲ್ಲ ಹಂಚಿದೆವು. ಊರವರ ಕಾಮಾಲೆಯೂ ಬಹುಪಾಲು ತನ್ನಷ್ಟಕ್ಕೇ ಇಳಿಯುವಂಥದ್ದೇ, ಹೆಸರು ನಮಗೆ ಬಂತು.

ಅಪ್ಪ ಕಿವಿಯಲ್ಲಿ ಹೇಳಿದ ಹೆಸರಿನ ಜೊತೆಗೆ ರಕ್ತದಲ್ಲಿ ಇದನ್ನೂ ಕೊಟ್ಟು ಹೋದ. ನಾನು ಭಾರತಿಗೆ ಹೆಸರು ಕೊಡಲಿಲ್ಲ, ಇದನ್ನು ಮಾತ್ರ ಕೊಟ್ಟೆ.

ಜೂನ್ 22, ರವಿವಾರ

ಜನ ಬಂದರು. ಕದ ತೆಗೆದು ಹೊರಗೆ ಬಂದೆ. ಇನ್ನು ಮದ್ದು ಕೊಡುವುದಿಲ್ಲ, ಕಾರವಾರಕ್ಕೆ ಹೋಗಿ ರಕ್ತ ತೋರಿಸಿ ಎಂದೆ. ಯಾರೂ ನಂಬಲಿಲ್ಲ. "ದುಃಖದಲ್ಲಿ ಹಂಗೆ ಹೇಳೂದು ಮಾಸ್ತರ್ರು" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಮುಂದಿನ ರವಿವಾರ ಬರುತ್ತೇವೆ ಎಂದು ಹೇಳಿ ಹೋದರು.

ಜೂನ್ 29, ರವಿವಾರ

ಬೆಳಿಗ್ಗೆ ಮಳೆಯಲ್ಲೇ ಬಂದಿದ್ದರು. ಕಾಶಿ ಎಂಬ ಹೆಂಗಸು ಮಗನನ್ನು ಹೊತ್ತುಕೊಂಡು ಅವರ್ಸಾದ ಕಡೆಯಿಂದ ಬಂದಿದ್ದಳು. ಮಗುವಿನ ಕಣ್ಣು ಹಳದಿ. ಅವಳು ಯಾವ ಮಾತಿಗೂ ಕದಲಲಿಲ್ಲ. ಇದು ಕೆಲವರಿಗೆ ಲಿವರಿನದು, ಕೆಲವರಿಗೆ ರಕ್ತದ್ದು, ಹೊರಗಿನಿಂದ ಎರಡೂ ಒಂದೇ ಬಣ್ಣ ಎಂದೆ. ಕಣದ ಪೊರೆ ಎಂದೆ, ಬಲೆ ಎಂದೆ, ಚಪ್ಪರ ಎಂದೆ. ಗದರಿಯೂ ನೋಡಿದೆ. "ನಿಮ್ ಕೈಗುಣ ಹೆಸರಾದದ್ದು. ಕೊಡೂವರೆಗೆ ಇಲ್ಲೇ ಕೂತೆ ನಾ" ಎಂದು ನೆನೆದ ಸೀರೆಯಲ್ಲೇ ಮೆಟ್ಟಿಲ ಮೇಲೆ ಕೂತಳು. ಉಳಿದವರೂ ಅವಳ ಹಿಂದೆ ಕೂತರು.

ಕೊಡುವುದಿಲ್ಲ ಎಂದರೆ ಕಾಯುತ್ತಾರೆ. ಕಾಯುತ್ತ ಇದ್ದಾಗಲೇ ಆ ಮಗುವಿನ ಕಣ್ಣು ಒಂದು ದಿನ ಬೆಳ್ಳಗಾದರೆ? ಅವಳೂ ದಾರಿಹೋಕರಿಗೆ ತೋರಿಸುತ್ತಾಳೆ.

ಮೆಟ್ಟಿಲಿಳಿದು ಅಂಗಳದ ನಡುವೆ ನಿಂತು, ಶಾಲೆಯಲ್ಲಿ ಹಿಂದಿನ ಸಾಲಿಗೂ ಕೇಳುವ ಹಾಗೆ ಹೇಳುತ್ತಿದ್ದ ದನಿಯಲ್ಲಿ ಹೇಳಿದೆ: "ನಾ ಕೊಡೂದು ನೆಲನೆಲ್ಲಿ ಬೇರು. ನೆಲನೆಲ್ಲಿ. ಬೇರೆ ಎಂತದೂ ಇಲ್ಲ."

ಒಬ್ಬ ಮುದುಕಿ ಎರಡೂ ಕಿವಿ ಮುಚ್ಚಿಕೊಂಡಳು. ಹೊನ್ನು ಬೇಲಿಯ ಆಚೆ ನಿಂತಲ್ಲೇ ನಿಂತ. ಕಾಶಿ ಅಳತೊಡಗಿದಳು. "ಎಂತಕೆ ಹೇಳಿದ್ರಿ ಮಾಸ್ತರ್ರೇ? ಮದ್ದು ಕೊಂದ್ರಲ್ಲ!" ಎಂದಳು. ಹಿಂದಿನಿಂದ ಯಾರೋ, "ಅದಾ? ಅದು ನಮ್ ಅಂಗಳದಲ್ಲೇ ರಾಶಿ ಅದೆ" ಎಂದರು.

"ಹೌದು, ಎಲ್ಲರ ಅಂಗಳದಲ್ಲೂ ಅದೆ. ಅದ್ರಲ್ಲೇ ಎಲ್ಲ ಇದ್ದಿದ್ರೆ ಈ ತಾಲೂಕಿನಲ್ಲಿ ಯಾರ ಕಣ್ಣೂ ಹಳದಿ ಆಗೂದಿಲ್ಲಾಗಿತ್ತು" ಎಂದೆ.

ನಗು ಬರುವ ಮಾತು, ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಈ ಸಲ ಹಿಂದೆ ತಿರುಗಿ ನೋಡುತ್ತ ಹೋದರು. ಕಾಶಿಯನ್ನು ಸುಬ್ಬಿ ಒಳಗೆ ಕರೆದು ಒಣ ಸೀರೆ ಕೊಟ್ಟಳು, ಮಗುವಿನ ನಾಲಗೆ ಹೊರಗೆ ತೆಗೆಸಿ ನೋಡಿದಳು. ಕಾರವಾರದ ಬಸ್ಸಿಗೆ ಹತ್ತಿಸಲು ತಾನೇ ಕೊಡೆ ಹಿಡಿದು ಹೊರಟಳು.

ಮನೆಯಲ್ಲಿ ನಾನೊಬ್ಬನೇ ಉಳಿದೆ. ಭಾರತಿಗೆ ಫೋನು ಮಾಡಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದಳು.

"ನೆಲನೆಲ್ಲಿ" ಎಂದೆ.

"ಅಷ್ಟೇಯಾ?" ಎಂದಳು. "ಅಷ್ಟೇ" ಎಂದೆ. "ಇಷ್ಟು ಹೇಳೂಕೆ ಅವತ್ತು ನಿಂಗೆ ಎಂತಾಗಿತ್ತು ಅಪ್ಪಾ?"

"ಹೇಳಿದ್ರೆ ಅದರ ಹೊಟ್ಟೇಲಿದ್ದ ಮದ್ದು ಸತ್ತೋತದೆ ಅಂದ್ಕಂಡೆ, ಭಾರತಿ. ಅದೊಂದೇ ಅದನ್ನ ಹಿಡ್ಕಂಡದೆ ಅಂದ್ಕಂಡೆ. ಉಳೀಲಿ ಅಂತ ಸುಮ್ನಿದ್ದೆ."

ಅವಳು ಅತ್ತಳು. ಮಣ್ಣು ಮಾಡುವಾಗಲೂ ಅಳದೆ ನಿಂತವಳು. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಅಳು ಸ್ವಲ್ಪ ತಡೆದ ಮೇಲೆ, "ಇನ್ನೊಂದ್ ಸಲ ಹೇಳು" ಎಂದಳು.

ಹೇಳಿದೆ.

"ಇನ್ನೊಂದ್ ಸಲ."

ಹೇಳಿದೆ. ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.